ಸಕ್ಕರೆ, ಅನ್ನ ಬಿಟ್ಟರೆ ಕ್ಯಾನ್ಸರ್ ಗಡ್ಡೆ ಉಪವಾಸ ಬೀಳುತ್ತಾ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಕ್ಯಾನ್ಸರ್ ಬದುಕೋದೇ ಸಕ್ಕರೆಯಿಂದ, ಹಾಗಾಗಿ ಸಕ್ಕರೆ, ಬೆಲ್ಲ, ಅನ್ನ ಎಲ್ಲ ನಿಲ್ಲಿಸಿದರೆ ಗಡ್ಡೆ ತಾನಾಗೇ ಕರಗುತ್ತೆ ಅಂತ ನೆಂಟರು ಹೇಳಿದ್ದಾರೆ. ಅಮ್ಮ ಈಗ ಅನ್ನ ಮುಟ್ಟುತ್ತಿಲ್ಲ. ಇದು ನಿಜವಾ?

ಇಲ್ಲ. ಅನ್ನ ಬಿಟ್ಟರೆ ಸೊರಗುವುದು ಅಮ್ಮ. ದಯವಿಟ್ಟು ಇವತ್ತೇ ಅವರಿಗೆ ಹೊಟ್ಟೆ ತುಂಬ ಊಟ ಬಡಿಸಿ. ಉಳಿದ ವಿವರಣೆಯನ್ನು ಆಮೇಲೆ ಓದಿ.

ಹಾಗಂತ ನಿಮ್ಮ ನೆಂಟರ ಮಾತು ಸುಮ್ನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 1920ರ ದಶಕದಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಓಟೊ ವಾರ್ಬರ್ಗ್ ಎಂಬ ವಿಜ್ಞಾನಿ ಗಡ್ಡೆಗಳ ತೆಳುವಾದ ಹೋಳುಗಳು ಎಷ್ಟು ಗ್ಲೂಕೋಸ್ ನುಂಗುತ್ತವೆ ಅಂತ ಅಳೆದರು. ಮಾಮೂಲಿ ಜೀವಕೋಶಕ್ಕೆ ಆಮ್ಲಜನಕ ಸಿಕ್ಕರೆ ಅದು ಗ್ಲೂಕೋಸನ್ನು ಪೂರ್ತಿ ಉರಿಸುತ್ತದೆ. ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ, ಅಂದರೆ ಶಕ್ತಿಯ 30 ತುಣುಕು ಸಿಗುತ್ತವೆ. ಕ್ಯಾನ್ಸರ್ ಕೋಶ ಮಾತ್ರ ಆಮ್ಲಜನಕ ಇದ್ದರೂ ಬಹಳಷ್ಟು ಗ್ಲೂಕೋಸನ್ನು ಅರ್ಧಕ್ಕೇ ಬಿಟ್ಟು ಲ್ಯಾಕ್ಟಿಕ್ ಆಮ್ಲವಾಗಿ ಹೊರಹಾಕುತ್ತದೆ. ಈ ದಾರಿಯಲ್ಲಿ ಸಿಗುವುದು ಬರೀ 2 ಎಟಿಪಿ. ಹಾಗಾಗಿ ಅದಕ್ಕೆ ಗ್ಲೂಕೋಸ್ ಜಾಸ್ತಿ ಬೇಕು.

ಇಷ್ಟು ದುಂದು ಯಾಕೆ? ಕೋಶದ ಒಳಗಿನ ಒಲೆ, ಅಂದರೆ ಮೈಟೊಕಾಂಡ್ರಿಯ, ಕೆಟ್ಟಿರಬೇಕು ಅಂತ ವಾರ್ಬರ್ಗ್ ನಂಬಿದ್ದರು. ಬಹುಪಾಲು ಗಡ್ಡೆಗಳಲ್ಲಿ ಅದು ಚೆನ್ನಾಗಿಯೇ ಇರುತ್ತದೆ ಅಂತ ಆಮೇಲೆ ಗೊತ್ತಾಯಿತು. ಮನೆ ಕಟ್ಟುವವರಿಗೆ ಕರೆಂಟಿಗಿಂತ ಇಟ್ಟಿಗೆ, ಮರಳಿನ ಚಿಂತೆಯೇ ಜಾಸ್ತಿ ಅಲ್ವಾ? ಒಂದು ಎರಡಾಗುವ ಕೋಶದ ಪಾಡೂ ಹಾಗೇ. ಹೊಸ ಡಿಎನ್ಎ, ಹೊಸ ಕೊಬ್ಬಿನ ಪೊರೆ, ಹೊಸ ಪ್ರೋಟೀನ್ ಕಟ್ಟಲು ಸಾಮಗ್ರಿ ಬೇಕು. ಅರ್ಧ ಒಡೆದ ಗ್ಲೂಕೋಸ್ ಆ ಸಾಮಗ್ರಿಯಾಗುತ್ತದೆ. ಇವತ್ತು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ ಇದು.

ಗಡ್ಡೆಯ ಈ ಹಸಿವನ್ನು ಕಣ್ಣಾರೆ ತೋರಿಸುವುದು ಪೆಟ್ ಸ್ಕ್ಯಾನ್. ರೋಗಿ ನಾಲ್ಕಾರು ಗಂಟೆ ಏನೂ ತಿನ್ನದೆ ಬರಬೇಕು. ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಗ್ಲೂಕೋಸನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಆ ಫ್ಲೋರಿನ್‌ನ ವಿಕಿರಣ ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ಹಾಗಾಗಿ ಅದನ್ನು ತಯಾರಿಸಿ ದಿನಗಟ್ಟಲೆ ಇಟ್ಟುಕೊಳ್ಳುವ ಹಾಗಿಲ್ಲ. ಚುಚ್ಚಿದ ಮೇಲೆ ಒಂದು ಗಂಟೆ ಓಡಾಡದೆ, ಹೆಚ್ಚು ಮಾತಾಡದೆ ಕೂರಿಸುತ್ತಾರೆ. ಓಡಾಡಿದರೆ ಸ್ನಾಯುಗಳೇ ಆ ಗ್ಲೂಕೋಸನ್ನು ಎಳೆದುಕೊಂಡುಬಿಡುತ್ತವೆ. ಈ ಗ್ಲೂಕೋಸ್ ಕೋಶದ ಒಳಗೆ ಹೋಗುತ್ತದೆ, ಆದರೆ ಮುಂದಕ್ಕೆ ಒಡೆಯಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ. ಚಿತ್ರದಲ್ಲಿ ಗಡ್ಡೆ ಹೊಳೆಯುತ್ತದೆ.

ಅದೇ ಚಿತ್ರದಲ್ಲಿ ಮಿದುಳೂ ಹೊಳೆಯುತ್ತದೆ. ಎಷ್ಟೋ ಸಲ ಹೃದಯವೂ ಹೊಳೆಯುತ್ತದೆ. ಗ್ಲೂಕೋಸಿನ ಮೇಲೆ ನಡೆಯುವ ಯಾವ ಚಿಕಿತ್ಸೆಗೂ ಎದುರಾಗುವ ಕಷ್ಟ ಇದೇ. ಗಡ್ಡೆಗೆ ಬೇಕಾದದ್ದು ನಮಗೂ ಬೇಕು.

ಈಗ ಊಟದ ವಿಷಯ. ನಮ್ಮ ಇಡೀ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಗ್ಲೂಕೋಸ್ ಹೆಚ್ಚುಕಮ್ಮಿ 4-5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. ಆ ಮಟ್ಟ ಇಳಿಯದಂತೆ ಯಕೃತ್ತು ಹಗಲೂ ರಾತ್ರಿ ಕಾಯುತ್ತದೆ. ಊಟ ನಿಲ್ಲಿಸಿದರೆ ಮೊದಲು ಗ್ಲೈಕೋಜನ್, ಅಂದರೆ ತಾನು ಕೂಡಿಟ್ಟ ಗ್ಲೂಕೋಸ್ ದಾಸ್ತಾನನ್ನು ಬಿಚ್ಚುತ್ತದೆ. ಅದು ಮುಗಿದ ಮೇಲೆ ಸ್ನಾಯುಗಳ ಪ್ರೋಟೀನನ್ನು ಒಡೆದು ಗ್ಲೂಕೋಸ್ ತಯಾರಿಸುತ್ತದೆ. ಅನ್ನ ಬಿಟ್ಟರೂ ಗಡ್ಡೆಗೆ ಅದರ ಪಾಲು ಸಿಗುತ್ತಲೇ ಇರುತ್ತದೆ, ಅದೂ ಅಮ್ಮನ ತೋಳು, ತೊಡೆಗಳ ಖರ್ಚಿನಲ್ಲಿ. ಗ್ಲೂಕೋಸ್ ಸಾಲದಿದ್ದರೆ ಗ್ಲುಟಮಿನ್ ಎಂಬ ಅಮೈನೋ ಆಮ್ಲ, ಕೊಬ್ಬು, ಎಲ್ಲವನ್ನೂ ಬಳಸಿಕೊಳ್ಳುವುದು ಅದಕ್ಕೆ ಗೊತ್ತು. ಕೀಮೋ ಹೊತ್ತಿನಲ್ಲಿ ತೂಕ, ಸ್ನಾಯು ಕರಗಿದರೆ ಔಷಧಿಯ ಕಾಟ ಜಾಸ್ತಿಯಾಗುತ್ತದೆ. ಡೋಸ್ ಇಳಿಸಬೇಕಾಗಬಹುದು, ಮುಂದೂಡಬೇಕಾಗಬಹುದು. ಅದು ನಿಜವಾದ ನಷ್ಟ.

ಸಿಹಿ ಎಷ್ಟು ಬೇಕಾದರೂ ತಿನ್ನಿ ಅಂತ ನಾನು ಹೇಳುತ್ತಿಲ್ಲ. ಬೊಜ್ಜು ಹಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುತ್ತದೆ. ಮುಟ್ಟು ನಿಂತ ಮೇಲೆ ಬರುವ ಸ್ತನ ಕ್ಯಾನ್ಸರ್ ಕೂಡ ಅದರಲ್ಲಿ ಸೇರಿದೆ. ಅಮ್ಮನಿಗೆ ಶುಗರ್ ಇದ್ದರೆ ಅದನ್ನು ಹತೋಟಿಯಲ್ಲಿ ಇಡಲೇಬೇಕು. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಅದನ್ನು ಇನ್ನಷ್ಟು ಏರಿಸುತ್ತದೆ.

ಊಟದಿಂದ ಆಗದ್ದು ಮಾತ್ರೆಯಿಂದ ಆಗುತ್ತಾ? ಪ್ರಯತ್ನ ಬಹಳ ನಡೆದಿವೆ. 2021ರ ಮೇ ತಿಂಗಳಲ್ಲಿ ಕೋವಿಡ್‌ಗೆ ಅಂತ ಡಿಆರ್‌ಡಿಒ ತಂದ 2-ಡಿಜಿ ಪುಡಿಯ ಪ್ಯಾಕೆಟ್ ನಿಮಗೆ ನೆನಪಿರಬಹುದು. ಅದು ಗ್ಲೂಕೋಸ್ ವೇಷದ ಅಣು. ಕೋಶ ಅದನ್ನು ನುಂಗುತ್ತದೆ, ಅರಗಿಸಲಾರದು. ಮಿದುಳಿನ ಗಡ್ಡೆಗೆ ರೇಡಿಯೇಷನ್ ಚೆನ್ನಾಗಿ ನಾಟಲು ನೆರವಾಗುತ್ತದೆಯೇ ಅಂತ ಡಿಆರ್‌ಡಿಒದ ದೆಹಲಿ ಪ್ರಯೋಗಾಲಯ ಅದಕ್ಕೂ ಎಷ್ಟೋ ವರ್ಷ ಮೊದಲೇ ಪರೀಕ್ಷಿಸಿತ್ತು. ಆದರೆ ಡೋಸ್ ಏರಿಸಿದರೆ ಶುಗರ್ ಇಳಿದವರ ಹಾಗೆ ಬೆವರು, ತಲೆಸುತ್ತು ಬರುತ್ತದೆ. ಮಿದುಳಿಗೂ ಗ್ಲೂಕೋಸ್ ಬೇಕಲ್ಲ! ಕ್ಯಾನ್ಸರ್‌ನ ಮಾಮೂಲಿ ಔಷಧಿಯಾಗಿ ಅದು ನಿಲ್ಲಲಿಲ್ಲ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಮೇಲೂ ದೊಡ್ಡ ಆಸೆ ಇತ್ತು. ಡಯಾಬಿಟೀಸ್ ಇಲ್ಲದ 3,649 ಸ್ತನ ಕ್ಯಾನ್ಸರ್ ರೋಗಿಗಳ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಕ್ಯಾನ್ಸರ್ ಮರಳುವುದನ್ನು ತಡೆಯುವಲ್ಲಿ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಗ್ಲುಟಮಿನ್ ದಾರಿ ಮುಚ್ಚುವ ಔಷಧಿಯೊಂದು ಮೂತ್ರಪಿಂಡದ ಕ್ಯಾನ್ಸರ್‌ನಲ್ಲಿ 2021ರಲ್ಲಿ ಸೋತಿತು. ಇನ್ನೊಂದು ತೊಡಕೂ ಇದೆ. ಗಡ್ಡೆಯ ಮೇಲೆ ಯುದ್ಧಕ್ಕೆ ಹೊರಟ ನಮ್ಮ ರೋಗನಿರೋಧಕ ಟಿ ಕೋಶಗಳಿಗೂ ಅದೇ ಗ್ಲೂಕೋಸ್ ಬೇಕು.

ಕೀಟೊ ಡಯಟ್, ಅಂದರೆ ಅನ್ನ, ಸಕ್ಕರೆ ಬಹುತೇಕ ಬಿಟ್ಟು ಕೊಬ್ಬನ್ನೇ ಜಾಸ್ತಿ ತಿನ್ನುವ ಪಥ್ಯದ ಬಗ್ಗೆಯೂ ಕೇಳುತ್ತಾರೆ. 2018ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ ಪಿಐ3ಕೆ ಎಂಬ ಕಿಣ್ವವನ್ನು ತಡೆಯುವ ಕ್ಯಾನ್ಸರ್ ಔಷಧಿ ಕೀಟೊ ಜೊತೆ ಇನ್ನೂ ಚೆನ್ನಾಗಿ ಕೆಲಸ ಮಾಡಿತು. ಅದೇ ಅಧ್ಯಯನದಲ್ಲಿ ಬರೀ ಕೀಟೊ ಕೊಟ್ಟಾಗ ಒಂದು ಬಗೆಯ ರಕ್ತ ಕ್ಯಾನ್ಸರ್ ಇನ್ನೂ ಬೇಗ ಬೆಳೆಯಿತು. ಮೊದಲ ಅರ್ಧ ಮಾತ್ರ ಕೇಳಿ ಮನೆಯಲ್ಲಿ ಶುರುಮಾಡಿದರೆ ಅಪಾಯ.

ಗೆಲುವು ಸಿಕ್ಕಿದ್ದು ಎಲ್ಲಿ ಅಂತ ನೋಡಿ. ಗಡ್ಡೆಯ ಅಡುಗೆಮನೆಯಲ್ಲಿ ನಮ್ಮಲ್ಲಿಲ್ಲದ ಒಂದು ಕೊರತೆ ಸಿಕ್ಕ ಕಡೆ. ನನಗೆ ಬಲು ಇಷ್ಟವಾದ ಉದಾಹರಣೆ ಮಕ್ಕಳ ರಕ್ತ ಕ್ಯಾನ್ಸರ್‌ನದು. 1953ರಲ್ಲಿ ನ್ಯೂಯಾರ್ಕ್‌ನ ಜಾನ್ ಕಿಡ್, ಗಿನಿ ಹಂದಿಯ ರಕ್ತದ ಸೀರಮ್ (ರಕ್ತದ ತಿಳಿ ದ್ರವ) ಕೊಟ್ಟರೆ ಇಲಿಗಳ ಕೆಲವು ಗಡ್ಡೆ ಕರಗುತ್ತವೆ ಅಂತ ಕಂಡರು. ಕುದುರೆ, ಮೊಲದ ಸೀರಮ್‌ಗೆ ಆ ಗುಣ ಇರಲಿಲ್ಲ. 1960ರ ದಶಕದಲ್ಲಿ ಜಾನ್ ಬ್ರೂಮ್ ಕಾರಣ ಹಿಡಿದರು. ಆ ಸೀರಮ್‌ನಲ್ಲಿ ಆಸ್ಪರಜಿನೇಸ್ ಎಂಬ ಕಿಣ್ವ ಇದೆ. ಅದು ರಕ್ತದಲ್ಲಿರುವ ಆಸ್ಪರಜಿನ್ ಎಂಬ ಅಮೈನೋ ಆಮ್ಲವನ್ನು ಒಡೆದುಹಾಕುತ್ತದೆ. ನಮ್ಮ ಮಾಮೂಲಿ ಕೋಶಗಳಿಗೆ ಚಿಂತೆಯಿಲ್ಲ, ತಮಗೆ ಬೇಕಾದಷ್ಟನ್ನು ತಾವೇ ಮಾಡಿಕೊಳ್ಳುತ್ತವೆ. ಆ ರಕ್ತ ಕ್ಯಾನ್ಸರ್ ಕೋಶಗಳಿಗೆ ಅಷ್ಟು ಮಾಡಿಕೊಳ್ಳಲು ಬರುವುದಿಲ್ಲ. ರಕ್ತದಿಂದ ಸಿಗದಿದ್ದರೆ ಪ್ರೋಟೀನ್ ಕಟ್ಟುವುದು ನಿಂತು ಸಾಯುತ್ತವೆ.

ಇವತ್ತು ಈ ಕಿಣ್ವವನ್ನು ಬ್ಯಾಕ್ಟೀರಿಯಗಳಿಂದ ತಯಾರಿಸುತ್ತಾರೆ. ಅಲರ್ಜಿ, ಮೇದೋಜೀರಕ ಗ್ರಂಥಿಯ ಊತ, ರಕ್ತ ಹೆಪ್ಪುಗಟ್ಟುವಿಕೆ, ಇವೆಲ್ಲ ಅದರ ಅಡ್ಡ ಪರಿಣಾಮಗಳು. ಆದರೂ ಬೇರೆ ಔಷಧಿಗಳ ಜೊತೆ ಸೇರಿ ಅದು ಲೆಕ್ಕವಿಲ್ಲದಷ್ಟು ಮಕ್ಕಳನ್ನು ಉಳಿಸಿದೆ. ಕ್ಯಾನ್ಸರ್ ಅನ್ನು ಉಪವಾಸ ಕೆಡವುವುದು ಅಂದರೆ ಹೀಗೆ. ಮಗುವಿನ ತಟ್ಟೆಯಿಂದ ಒಂದು ತುತ್ತನ್ನೂ ತೆಗೆಯಬೇಕಾಗಿಲ್ಲ.

ಇದಕ್ಕಿಂತ ಹಳೆಯ ಗೆಲುವಿನಲ್ಲಿ ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪಾಲಿದೆ. ಡಿಎನ್ಎ ಕಟ್ಟಲು ಫೋಲಿಕ್ ಆಮ್ಲ ಬೇಕು. ಅದಕ್ಕೆ ಅಡ್ಡ ನಿಲ್ಲುವ ಅಮಿನಾಪ್ಟೆರಿನ್ ಅಮೆರಿಕದಲ್ಲಿ ಅವರ ತಂಡದಿಂದ ಬಂತು. ಬಾಸ್ಟನ್‌ನ ಸಿಡ್ನಿ ಫಾರ್ಬರ್ ಅದನ್ನು ರಕ್ತ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟರು. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು ಅಂತ 1948ರಲ್ಲಿ ವರದಿ ಮಾಡಿದರು. ಆ ಚೇತರಿಕೆ ಉಳಿದದ್ದು ಕೆಲವೇ ತಿಂಗಳು, ಆದರೆ ಅಲ್ಲಿಯವರೆಗೆ ಆ ಮಕ್ಕಳಿಗೆ ಏನೂ ಇರಲಿಲ್ಲ. ಅದರ ತಮ್ಮನಂತಹ ಮೆಥೋಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ.

ಹೊಸ ಗೆಲುವು ಮಿದುಳಿನದು. ಗ್ಲಿಯೋಮ ಎಂಬ ಕೆಲವು ಗಡ್ಡೆಗಳಲ್ಲಿ ಐಡಿಎಚ್ ಎಂಬ ಕಿಣ್ವ ಬದಲಾಗಿರುತ್ತದೆ. ಅದು ತಯಾರಿಸುವ ಬೇಡದ ರಾಸಾಯನಿಕವೊಂದು ಕೋಶ ಪಕ್ವವಾಗುವುದನ್ನು ತಡೆದು, ಅದು ಒಂದು ಎರಡಾಗುತ್ತಲೇ ಇರುವಂತೆ ಮಾಡುತ್ತದೆ. ಆ ಕಿಣ್ವವನ್ನು ಸುಮ್ಮನಾಗಿಸುವ ವೊರಾಸಿಡೆನಿಬ್ ಮಾತ್ರೆಗೆ ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಪರೀಕ್ಷೆಯಲ್ಲಿ ಗಡ್ಡೆ ಮತ್ತೆ ಬೆಳೆಯಲು ಹಿಡಿದ ಸರಾಸರಿ ಸಮಯ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು 11 ತಿಂಗಳು. ಔಷಧಿ ತೆಗೆದುಕೊಂಡವರಲ್ಲಿ ಸುಮಾರು 28 ತಿಂಗಳು.

ಮತ್ತೆ ಅಮ್ಮನ ವಿಷಯಕ್ಕೆ ಬರೋಣ. ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಹೊಟ್ಟೆಗೆ ಹೋಗಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ. ವಾಂತಿ ಬರುವ ದಿನ ರಾಗಿ ಗಂಜಿ, ಮೊಸರನ್ನ ಸ್ವಲ್ಪ ಸ್ವಲ್ಪವೇ ಕೊಡಿ. ಸೇರುವ ದಿನ ಬೇಳೆ, ಮೊಟ್ಟೆ, ಪನೀರ್, ಮೀನು ಜಾಸ್ತಿ ಕೊಡಿ.

ಅವರ ಔಷಧಿ ಚೀಟಿಯನ್ನೂ ಒಮ್ಮೆ ನೋಡಿ. ಸ್ತನ ಕ್ಯಾನ್ಸರ್‌ಗೆ ಕೊಡುವ ಮೆಥೋಟ್ರೆಕ್ಸೇಟ್, ಫ್ಲೋರೊಯುರಾಸಿಲ್, ಕೆಪೆಸಿಟಬಿನ್ ಮೂರೂ ಕೋಶದ ಸಾಮಗ್ರಿ ಪೂರೈಕೆಯನ್ನೇ ಕಡಿಯುವ ಔಷಧಿಗಳು. ಇವುಗಳಲ್ಲಿ ಒಂದು ಚೀಟಿಯಲ್ಲಿದ್ದರೆ, ನೆಂಟರು ಹೇಳಿದ ಕೆಲಸವನ್ನು ಅದು ಆಗಲೇ ಮಾಡುತ್ತಿದೆ. ಆಗ ಒಂದು ಎಚ್ಚರ ಬೇಕು. ಶಕ್ತಿ ಬರಲಿ ಅಂತ ಅಂಗಡಿಯಿಂದ ತಂದ ವಿಟಮಿನ್ ಮಾತ್ರೆಯಲ್ಲಿ ಫೋಲಿಕ್ ಆಮ್ಲ ಇರಬಹುದು. ಅದು ಕೆಪೆಸಿಟಬಿನ್‌ನ ಅಡ್ಡ ಪರಿಣಾಮಗಳನ್ನು, ಭೇದಿ, ಬಾಯಿ ಹುಣ್ಣು ಎಲ್ಲವನ್ನೂ, ಹೆಚ್ಚಿಸಬಲ್ಲದು. ಆ ಡಬ್ಬಿಯನ್ನು ಮುಂದಿನ ಸಲ ಹೋಗುವಾಗ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಅದನ್ನು ಕೊಡಬೇಡಿ.