11 ನಿಮಿಷದ ರೀಲು, ಮೂರು ದಿನದ ಹಾಡು

1990ರ ದಶಕದ ಮಧ್ಯದಲ್ಲಿ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಹಾಸ್ಟೆಲ್ ಹತ್ತಿರ ಒಂದು ವಿಡಿಯೊ ಲೈಬ್ರರಿ ಇತ್ತು. ಅಲ್ಲಿಂದ ‘ವುಡ್‌ಸ್ಟಾಕ್’ ಅನ್ನುವ ಅಮೆರಿಕದ ರಾಕ್ ಸಂಗೀತ ಹಬ್ಬದ ಸಿನಿಮಾ ಕ್ಯಾಸೆಟ್ ತಂದು, ಬಾಡಿಗೆ ವಿಸಿಆರ್‌ಗೆ ಹಾಕಿ, ಐದು ಜನ ನೆಲದ ಮೇಲೆ ಕೂತು ನೋಡಿದೆವು. ಮುಗಿದ ಮೇಲೆ ಹಿಂದಕ್ಕೆ ಸುತ್ತಿ ಇನ್ನೊಂದು ಸಲ ನೋಡಿದೆವು. ಬೆಳಕು ಹರಿಯುವ ಹೊತ್ತಿಗೆ, ನಾವೂ ಅಲ್ಲಿ ಕೆಸರಲ್ಲಿ ಕೂತು ಬಂದವರ ಹಾಗೆ ಮಾತಾಡುತ್ತಿದ್ದೆವು.

ಆಗ ನನ್ನ ಪ್ರೀತಿಯ ಬ್ಯಾಂಡ್ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್. ಕ್ಯಾಸೆಟ್‌ನಲ್ಲಿ ಅವರು ಕಾಣಲಿಲ್ಲ. ಹಾಗಾಗಿ ವುಡ್‌ಸ್ಟಾಕ್‌ಗೆ ಅವರು ಹೋಗಿರಲೇ ಇಲ್ಲ ಅಂತ ಎಷ್ಟೋ ವರ್ಷ ನಂಬಿದ್ದೆ. ಹೋಗಿದ್ದರು. 1969ರ ಆಗಸ್ಟ್‌ನಲ್ಲಿ, ಹಬ್ಬದ ಎರಡನೇ ದಿನದ ನಡುರಾತ್ರಿ ದಾಟಿದ ಮೇಲೆ ಪೂರ್ತಿ ಒಂದು ಕಾರ್ಯಕ್ರಮ ಕೊಟ್ಟಿದ್ದರು. ಅಷ್ಟು ಹೊತ್ತಿಗೆ ಜನ ದಣಿದು ಮಲಗಿದ್ದರು. ತಮ್ಮ ವಾದನ ಸರಿಯಾಗಿ ಬರಲಿಲ್ಲ ಅಂತ ಹಾಡುಗಾರ ಜಾನ್ ಫೋಗರ್ಟಿಗೆ ಅನಿಸಿತು. ಸಿನಿಮಾದಲ್ಲಿ ಹಾಕೋದು ಬೇಡ ಅಂದುಬಿಟ್ಟರು. ಆ ರಾತ್ರಿಯ ಪೂರ್ತಿ ಧ್ವನಿಮುದ್ರಣ ಆಲ್ಬಮ್ ಆಗಿ ಹೊರಬಂದದ್ದು 2019ರಲ್ಲಿ, 50 ವರ್ಷ ಆದಮೇಲೆ. ನಾನು ಕೇಳಿದೆ. ಅದ್ಭುತವಾಗಿದೆ.

ಅವತ್ತಿಂದ ನನಗೆ ಇದೇ ಯೋಚನೆ. ಹಳೆಯ ರಾಕ್ ಕಾನ್ಸರ್ಟ್‌ಗಳ ಬಗ್ಗೆ ನಮ್ಮಂಥವರ ತಲೆಯಲ್ಲಿ ಇರೋದೆಲ್ಲ ಸಿನಿಮಾ ಕೊಟ್ಟ ನೆನಪು. ಯಾವ ಕ್ಯಾಮೆರಾ ಓಡುತ್ತಿತ್ತು, ಯಾರು ಒಪ್ಪಿದರು, ಯಾವ ರೀಲು ಕಳೆದುಹೋಯಿತು ಅನ್ನೋದರ ಮೇಲೆ ಆ ನೆನಪು ನಿಂತಿದೆ.

ಮೊದಲು ರೀಲಿನ ಲೆಕ್ಕ ನೋಡೋಣ. ಆ ಕಾಲದ 16 ಎಂಎಂ ಕ್ಯಾಮೆರಾಕ್ಕೆ ಹಾಕುತ್ತಿದ್ದದ್ದು ಸಾಮಾನ್ಯವಾಗಿ 400 ಅಡಿ ಫಿಲ್ಮ್. ಸೆಕೆಂಡಿಗೆ 24 ಚಿತ್ರದ ಹಾಗೆ ಓಡಿದರೆ ಅದು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಮುಗಿದ ತಕ್ಷಣ ಕ್ಯಾಮೆರಾದವನು ಡಬ್ಬಿ ಬಿಚ್ಚಿ ಹೊಸದು ಹಾಕಬೇಕು. ಅಷ್ಟರಲ್ಲಿ ವೇದಿಕೆಯಲ್ಲಿ ಹಾಡು ನಿಲ್ಲುತ್ತದಾ? ಇಲ್ಲ. ಗಿಟಾರ್ ಸೋಲೊ ಒಂದೇ ಹತ್ತು ನಿಮಿಷ ನಡೆಯುತ್ತಿದ್ದ ಕಾಲ ಅದು. ಅದಕ್ಕೇ ಹಲವು ಕ್ಯಾಮೆರಾ ಬೇಕಾಯಿತು. ಒಬ್ಬನ ರೀಲು ಮುಗಿಯುವಾಗ ಇನ್ನೊಬ್ಬನದು ಓಡುತ್ತಿರಬೇಕು.

ಇನ್ನೊಂದು ಕಷ್ಟ ಶಬ್ದದ್ದು. ಫಿಲ್ಮ್ ಕ್ಯಾಮೆರಾದಲ್ಲಿ ಶಬ್ದ ದಾಖಲಾಗುತ್ತಿರಲಿಲ್ಲ. ಅದಕ್ಕೆ ಬೇರೆ ಟೇಪ್ ರೆಕಾರ್ಡರ್. ಎರಡೂ ಒಂದೇ ವೇಗದಲ್ಲಿ ಓಡದಿದ್ದರೆ ತುಟಿಗೂ ಹಾಡಿಗೂ ತಾಳ ತಪ್ಪುತ್ತದೆ. ಮೊದಮೊದಲು ಕ್ಯಾಮೆರಾಕ್ಕೂ ರೆಕಾರ್ಡರಿಗೂ ನಡುವೆ ಒಂದು ತಂತಿ ಕಟ್ಟಿಕೊಂಡೇ ಓಡಾಡಬೇಕಿತ್ತು. 1960ರ ದಶಕದಲ್ಲಿ ಹೆಗಲ ಮೇಲೆ ಹೊರುವ ಹಗುರ ಕ್ಯಾಮೆರಾ ಬಂತು. ಗಡಿಯಾರದಲ್ಲಿ ಇರುವಂಥ ಸ್ಫಟಿಕ ಎರಡೂ ಯಂತ್ರದ ವೇಗ ಕಾಯತೊಡಗಿತು. ತಂತಿ ಹೋಯಿತು. ಕ್ಯಾಮೆರಾದವನು ವೇದಿಕೆ ಹತ್ತಿ, ಡ್ರಮ್ ಪಕ್ಕದಲ್ಲಿ ಮಂಡಿಯೂರಿ ಕೂತ. ನಾವು ಪ್ರೀತಿಸುವ ಆ ಹತ್ತಿರದ ಮುಖಗಳು, ಬೆವರು, ತಂತಿ ಮೇಲಿನ ಬೆರಳು, ಎಲ್ಲ ಸಿಕ್ಕಿದ್ದು ಇದರಿಂದ.

ಈ ಹೊಸ ಕ್ಯಾಮೆರಾಗಳನ್ನು ರಾಕ್ ಹಬ್ಬಕ್ಕೆ ತಂದವರಲ್ಲಿ ಸಾಕ್ಷ್ಯಚಿತ್ರ ನಿರ್ದೇಶಕ ಡಿ. ಎ. ಪೆನ್ನೆಬೇಕರ್ ಮುಖ್ಯರು. 1967ರ ಜೂನ್ 16ರಿಂದ 18ರವರೆಗೆ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಹಬ್ಬ ನಡೆಯಿತು. ಜಾನಿಸ್ ಜಾಪ್ಲಿನ್ ಆಗ ಹೊರಗಿನವರಿಗೆ ಗೊತ್ತೇ ಇಲ್ಲದ ಹುಡುಗಿ. ಶನಿವಾರ ಅವರ ಬ್ಯಾಂಡ್ ಹಾಡಿದಾಗ ಚಿತ್ರೀಕರಣಕ್ಕೆ ಮ್ಯಾನೇಜರ್ ಒಪ್ಪಲಿಲ್ಲ. ಕ್ಯಾಮೆರಾಗಳು ಸುಮ್ನೆ ನಿಂತಿದ್ದವು, ಜನ ಹುಚ್ಚೆದ್ದು ಹೋದರು. ಬ್ಯಾಂಡಿನವರಿಗೆ ತಡೆಯಲಾಗಲಿಲ್ಲ. ಮಾತುಕತೆ ಆಗಿ, ಭಾನುವಾರ ಅವರನ್ನು ಮತ್ತೆ ವೇದಿಕೆ ಹತ್ತಿಸಿದರು. ಲೋಕ ಇವತ್ತು ನೋಡುವುದು ಆ ಎರಡನೇ ಹಾಡಿಕೆಯನ್ನು.

ಅದೇ ಭಾನುವಾರ ಮಧ್ಯಾಹ್ನ ಪಂಡಿತ್ ರವಿಶಂಕರ್ ಅವರ ಸಿತಾರ್. ತಬಲಾಕ್ಕೆ ಅಲ್ಲಾರಖಾ, ತಂಬೂರಿಗೆ ಕಮಲಾ ಚಕ್ರವರ್ತಿ. ಅವತ್ತು ರಾತ್ರಿ ಜಿಮಿ ಹೆಂಡ್ರಿಕ್ಸ್ ತಮ್ಮ ಗಿಟಾರ್‌ಗೆ ಬೆಂಕಿ ಹಚ್ಚಿದರು. ವಾದ್ಯಕ್ಕೆ ಹೀಗೆ ಮಾಡಿದ್ದು ರವಿಶಂಕರ್ ಅವರಿಗೆ ತುಂಬ ನೋವು ಕೊಟ್ಟಿತು. ವಾದ್ಯಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಅದು ಅರ್ಥ ಆಗುತ್ತದೆ, ಅಲ್ವಾ? ಆದರೆ ಸಿನಿಮಾ ನೋಡಿ: ಬೆಂಕಿ ಮೊದಲು ಬರುತ್ತದೆ, ಸಿತಾರ್ ಕೊನೆಗೆ. ಪೆನ್ನೆಬೇಕರ್ ಮಧ್ಯಾಹ್ನವನ್ನು ರಾತ್ರಿಯ ಆಚೆ ಇಟ್ಟರು. ಕಾಲು ಗಂಟೆಗೂ ಜಾಸ್ತಿ ಹೊತ್ತು ರವಿಶಂಕರ್ ಮತ್ತು ಅಲ್ಲಾರಖಾ. ಶುರುವಿನಲ್ಲಿ ಅವರ ಮುಖ ಸರಿಯಾಗಿ ತೋರಿಸುವುದೂ ಇಲ್ಲ, ಕೂತ ಜನರ ಮೇಲೆ ಕ್ಯಾಮೆರಾ ಓಡಾಡುತ್ತದೆ. ಕಾಲಕ್ರಮ ತಪ್ಪಿತು ನಿಜ. ಆದರೂ ಆ ಕೊನೆಯ ಜುಗಲಬಂದಿಯನ್ನು ನೋಡುವಾಗ ಪ್ರತಿ ಸಲ ನನ್ನ ಮೈ ಜುಮ್ಮೆನ್ನುತ್ತದೆ. ನಾನು ಆ ಕತ್ತರಿಯ ಪರ.

ಎರಡು ವರ್ಷದ ನಂತರ ವುಡ್‌ಸ್ಟಾಕ್. ನ್ಯೂಯಾರ್ಕ್ ರಾಜ್ಯದ ಬೆಥೆಲ್ ಊರಿನಲ್ಲಿ ಮ್ಯಾಕ್ಸ್ ಯಾಸ್ಗರ್ ಅನ್ನುವ ಹೈನು ರೈತರ ಜಮೀನು. ಮೊದಲೇ ಮಾರಿದ ಟಿಕೆಟ್ ಸುಮಾರು 1,86,000, ಬಂದ ಜನ 4 ಲಕ್ಷಕ್ಕೂ ಜಾಸ್ತಿ. ಬೇಲಿ ಪೂರ್ತಿ ಆಗಿರಲಿಲ್ಲ, ಕೊನೆಗೆ ಎಲ್ಲರಿಗೂ ಪುಕ್ಕಟೆ ಅಂತ ಹೇಳಬೇಕಾಯಿತು. ಹಬ್ಬ ಮಾಡಿದವರಿಗೆ ದೊಡ್ಡ ನಷ್ಟ. ಮೈಕೆಲ್ ವಾಡ್ಲೆ ನಿರ್ದೇಶಿಸಿದ ಸಿನಿಮಾ 1970ರ ಮಾರ್ಚ್‌ನಲ್ಲಿ ಬಂತು, ವಾರ್ನರ್ ಬ್ರದರ್ಸ್ ಕಂಪನಿಗೆ ಕೋಟಿಗಟ್ಟಲೆ ಗಳಿಸಿಕೊಟ್ಟಿತು. ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್ ಕೂಡ ಸಿಕ್ಕಿತು. ಸಂಕಲನದಲ್ಲಿ ತೆಲ್ಮಾ ಸ್ಕೂನ್‌ಮೇಕರ್, ಮಾರ್ಟಿನ್ ಸ್ಕಾರ್ಸೆಸಿ ಇದ್ದರು. ಇಬ್ಬರೂ ಆಗ ಹೊಸಬರು. ಪರದೆಯನ್ನು ಎರಡಾಗಿ, ಮೂರಾಗಿ ಒಡೆದು, ಒಂದು ಕಡೆ ಹಾಡುಗಾರ, ಇನ್ನೊಂದು ಕಡೆ ಜನ, ಹೀಗೆ ಜೋಡಿಸಿದರು. ಒಂದೇ ಕ್ಷಣವನ್ನು ಹಲವು ಕ್ಯಾಮೆರಾ ಕಂಡದ್ದನ್ನೆಲ್ಲ ಒಟ್ಟಿಗೇ ತೋರಿಸುವ ದಾರಿ ಅದು.

ಈ ಸಿನಿಮಾ ಯಾರನ್ನು ಎತ್ತಿತು, ಯಾರನ್ನು ಬಿಟ್ಟಿತು ನೋಡಿ. ಸಂತಾನಾ ಬ್ಯಾಂಡಿನ ಮೊದಲ ಆಲ್ಬಮ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಸಿನಿಮಾದ ಆ ಕೆಲವು ನಿಮಿಷ ಅವರನ್ನು ಮನೆಮಾತು ಮಾಡಿತು. ಹಾಡುಗಾರ ನೀಲ್ ಯಂಗ್ ತಮ್ಮನ್ನು ಚಿತ್ರಿಸಬೇಡಿ ಅಂದರು, ಹಾಗಾಗಿ ಇಲ್ಲ. ಜಾನಿಸ್ ಜಾಪ್ಲಿನ್ ಹಾಡಿದ್ದರು, ಆದರೆ 1994ರ ಉದ್ದದ ಆವೃತ್ತಿ ಬರುವ ತನಕ ಸಿನಿಮಾದಲ್ಲಿ ಅವರ ಹಾಡು ಇರಲಿಲ್ಲ. ರವಿಶಂಕರ್ ಮೊದಲ ರಾತ್ರಿ ಮಳೆಯಲ್ಲೇ ನುಡಿಸಿದರು, ಅದೂ ಇಲ್ಲ. ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆಯನ್ನು ಗಿಟಾರ್‌ನಲ್ಲಿ ಚಿಂದಿ ಮಾಡಿ ಹೊಲಿಯುವ ಆ ದೃಶ್ಯ ಎಲ್ಲರಿಗೂ ಗೊತ್ತು. 4 ಲಕ್ಷ ಜನರ ಮುಂದೆ ನುಡಿಸುತ್ತಿದ್ದಾರೆ ಅಂತ ನಾವು ಐವರೂ ಅಂದುಕೊಂಡಿದ್ದೆವು. ಅದು ಸೋಮವಾರ ಬೆಳಿಗ್ಗೆ. ಬಹುಪಾಲು ಜನ ಅಷ್ಟರಲ್ಲಿ ಮನೆ ದಾರಿ ಹಿಡಿದಿದ್ದರು. ಈಗ ಆ ದೃಶ್ಯ ನೋಡಿದರೆ ಹಿಂದಿನ ಖಾಲಿ ಹೊಲ, ಕಸ, ಕೆಸರು ಕಣ್ಣಿಗೆ ಬೀಳುತ್ತದೆ. ಕಾಣದ ಹಾಗೆ ಯಾರೂ ಮುಚ್ಚಿರಲಿಲ್ಲ. ನಾವು ನೋಡಿರಲಿಲ್ಲ ಅಷ್ಟೆ.

1969ರ ಡಿಸೆಂಬರ್ 6ರಂದು ಆಲ್ಟಮಾಂಟ್. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು ಕ್ಯಾಲಿಫೋರ್ನಿಯಾದಲ್ಲಿ ಉಚಿತ ಕಾನ್ಸರ್ಟ್ ಘೋಷಿಸಿದ್ದರು. ಮೊದಲು ಗೊತ್ತು ಮಾಡಿದ್ದ ಜಾಗ ಕೈತಪ್ಪಿ, ಕೊನೇ ಗಳಿಗೆಯಲ್ಲಿ ಆಲ್ಟಮಾಂಟ್‌ನ ಕಾರ್ ರೇಸ್ ಮೈದಾನಕ್ಕೆ ಬಂದರು. ವೇದಿಕೆಯ ಎತ್ತರ ಸುಮಾರು ಒಂದು ಮೀಟರ್ ಮಾತ್ರ. ಮೊದಲಿನ ಜಾಗದಲ್ಲಿ ಅದು ದಿಬ್ಬದ ಮೇಲೆ ನಿಲ್ಲಬೇಕಿತ್ತು, ಅಲ್ಲಿ ಅಷ್ಟು ಸಾಕಾಗುತ್ತಿತ್ತು. ಇಲ್ಲಿ ವೇದಿಕೆ ತಗ್ಗಿನಲ್ಲಿ, ಜನ ಮೇಲಿಂದ ಒತ್ತುತ್ತಿದ್ದರು. ಕಾವಲಿಗೆ ಹೆಲ್ಸ್ ಏಂಜೆಲ್ಸ್ ಅನ್ನುವ ಮೋಟಾರ್‌ಸೈಕಲ್ ಗುಂಪಿನವರು. ಹೊಡೆದಾಟ ಬೆಳೆಯಿತು. ಸ್ಟೋನ್ಸ್ ಹಾಡುತ್ತಿರುವಾಗಲೇ ವೇದಿಕೆ ಹತ್ತಿರ 18 ವರ್ಷದ ಕಪ್ಪು ಯುವಕ ಮೆರೆಡಿತ್ ಹಂಟರ್ ಇರಿತಕ್ಕೆ ಸತ್ತ. ಅವನ ಕೈಯಲ್ಲಿ ಪಿಸ್ತೂಲ್ ಇತ್ತು. ಅವತ್ತು ಒಟ್ಟು ನಾಲ್ಕು ಜನ ಸತ್ತರು, ಉಳಿದ ಮೂವರು ಅಪಘಾತದಲ್ಲಿ.

ಆಲ್ಬರ್ಟ್ ಮತ್ತು ಡೇವಿಡ್ ಮೇಸಲ್ಸ್ ಸಹೋದರರು ಅಲ್ಲಿ ಚಿತ್ರೀಕರಣ ಮಾಡುತ್ತಿದ್ದರು. ಇರಿತ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಅವರೂ ಷಾರ್ಲೆಟ್ ಜ್ವೆರಿನ್ ಅವರೂ ಸೇರಿ ಮಾಡಿದ ‘ಗಿಮ್ಮಿ ಶೆಲ್ಟರ್’ ಸಿನಿಮಾದಲ್ಲಿ, ಸಂಕಲನದ ಮೇಜಿನ ಮುಂದೆ ಕೂತ ಸ್ಟೋನ್ಸ್ ಹಾಡುಗಾರ ಮಿಕ್ ಜಾಗರ್ ಆ ತುಣುಕನ್ನು ಹಿಂದಕ್ಕೆ ಓಡಿಸಿ ತೋರಿಸಲು ಹೇಳಿ ಮತ್ತೆ ನೋಡುತ್ತಾರೆ. ನ್ಯಾಯಾಲಯದಲ್ಲಿ ಜ್ಯೂರಿ ಕೂಡ ಅದೇ ತುಣುಕು ನೋಡಿತು. ಆತ್ಮರಕ್ಷಣೆ ಅಂತ ತೀರ್ಮಾನಿಸಿ ಆರೋಪಿಯನ್ನು ಬಿಟ್ಟರು. ಹಾಡು ಹಿಡಿಯಲು ಹೋದ ಕ್ಯಾಮೆರಾ ಕೊಲೆ ಮೊಕದ್ದಮೆಯ ಸಾಕ್ಷಿ ಆಯಿತು. ಆ ಸಿನಿಮಾವನ್ನು ನಾನು ಒಂದೇ ಸಲ ನೋಡಿದ್ದೇನೆ.

1971ರ ಆಗಸ್ಟ್ 1ಕ್ಕೆ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶಕ್ಕಾಗಿ ನಡೆದ ಕಾನ್ಸರ್ಟ್ ನಮಗೆ ಹತ್ತಿರದ್ದು. ನಿರಾಶ್ರಿತರ ಕಷ್ಟ ಕಂಡು ರವಿಶಂಕರ್ ತಮ್ಮ ಶಿಷ್ಯ, ಗೆಳೆಯ, ಬೀಟಲ್ಸ್ ಬ್ಯಾಂಡಿನಲ್ಲಿದ್ದ ಜಾರ್ಜ್ ಹ್ಯಾರಿಸನ್‌ ಅವರನ್ನು ಕೇಳಿಕೊಂಡರು. ಒಂದೇ ದಿನ ಎರಡು ಪ್ರದರ್ಶನ, ಸುಮಾರು 40,000 ಜನ. ಶುರುವಿಗೆ ಸಿತಾರ್ ಮತ್ತು ಉಸ್ತಾದ್ ಅಲಿ ಅಕ್ಬರ್ ಖಾನ್ ಅವರ ಸರೋದ್. ಕಲಾವಿದರು ಶ್ರುತಿ ಮಾಡಿಕೊಂಡು ನಿಲ್ಲಿಸಿದ ಕೂಡಲೇ ಜನ ಚಪ್ಪಾಳೆ ತಟ್ಟಿದರು. ಶ್ರುತಿ ಮಾಡೋದೇ ಇಷ್ಟು ಹಿಡಿಸಿದರೆ ವಾದನ ಇನ್ನೂ ಹಿಡಿಸುತ್ತದೆ ಅಂದುಕೊಳ್ಳುತ್ತೇನೆ ಅಂತ ರವಿಶಂಕರ್ ನಗುತ್ತ ಹೇಳಿದ್ದು ಸಿನಿಮಾದಲ್ಲಿ ಉಳಿದಿದೆ. ಆ ಸರೋದ್ ಕೇಳುವಾಗ ನನಗೆ ನಮ್ಮ ಪಂಡಿತ್ ರಾಜೀವ ತಾರಾನಾಥರು ನೆನಪಾಗುತ್ತಾರೆ. ಅವರು ಅಲಿ ಅಕ್ಬರ್ ಖಾನರ ಶಿಷ್ಯರು. 2024ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಟಿಕೆಟ್‌ನಿಂದ ಬಂದ ಸುಮಾರು 2,43,000 ಡಾಲರ್ ಬೇಗ ಯುನಿಸೆಫ್‌ಗೆ ಹೋಯಿತು. ಆಲ್ಬಮ್ ಮತ್ತು ಸಿನಿಮಾದ ಹಣ ಮಾತ್ರ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಕಾನ್ಸರ್ಟ್‌ಗೆ ಮೊದಲೇ ದತ್ತಿ ಸಂಸ್ಥೆಯನ್ನು ಜೋಡಿಸಿಕೊಂಡಿರಲಿಲ್ಲ, ಹಾಗಾಗಿ ಅಮೆರಿಕದ ತೆರಿಗೆ ಇಲಾಖೆ ವಿನಾಯಿತಿ ಕೊಡಲಿಲ್ಲ. ಹಸಿದವರಿಗೆ ಬೇಕಾದ ಕಾಲಕ್ಕೆ ಹಣ ತಲುಪಲಿಲ್ಲವಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ಅದೇ 1971ರ ಅಕ್ಟೋಬರ್‌ನಲ್ಲಿ ಪಿಂಕ್ ಫ್ಲಾಯ್ಡ್ ಇಟಲಿಯ ಪಾಂಪೆಯಲ್ಲಿ ಜನರೇ ಇಲ್ಲದೆ ನುಡಿಸಿದರು. ನಿರ್ದೇಶಕ ಏಡ್ರಿಯನ್ ಮೇಬೆನ್ ಒಮ್ಮೆ ಪ್ರವಾಸಕ್ಕೆ ಹೋಗಿ, ಕಳೆದ ಪಾಸ್‌ಪೋರ್ಟ್ ಹುಡುಕಲು ಸಂಜೆ ಅಲ್ಲಿನ ಬಯಲು ರಂಗಮಂದಿರಕ್ಕೆ ವಾಪಸಾದರಂತೆ. ಆ ಮೌನದಲ್ಲಿ ಹುಟ್ಟಿದ ಯೋಚನೆ ಇದು. ಚಿತ್ರೀಕರಣದ ಕೆಲವು ರೀಲುಗಳು ಕಳೆದುಹೋದವು. ‘ಒನ್ ಆಫ್ ದೀಸ್ ಡೇಸ್’ ಹಾಡಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಡ್ರಮ್ಮರ್ ನಿಕ್ ಮೇಸನ್ ಮಾತ್ರ ಕಾಣುವುದಕ್ಕೆ ಅದೇ ಕಾರಣ. ಕೈಯಿಂದ ಜಾರಿದ ಡ್ರಮ್ ಕೋಲಿನ ಜಾಗಕ್ಕೆ ಇನ್ನೊಂದನ್ನು ಎಳೆದುಕೊಂಡು, ತಾಳ ಬಿಡದೆ ಬಾರಿಸುವುದನ್ನು ನೋಡಿ ನನ್ನ ತಲೆಮಾರಿನ ಎಷ್ಟು ಹುಡುಗರು ಡ್ರಮ್ ಕಲಿಯಲು ಆಸೆಪಟ್ಟರೋ! 2025ರಲ್ಲಿ ಈ ಸಿನಿಮಾ ಶುದ್ಧಗೊಂಡು ಮತ್ತೆ ದೊಡ್ಡ ಪರದೆಗೆ ಬಂತು.

ಲೆಡ್ ಜೆಪ್ಲಿನ್‌ಗೆ ಆದದ್ದು ಇನ್ನೊಂದು ಥರ. 1973ರ ಜುಲೈನಲ್ಲಿ ಮೂರು ರಾತ್ರಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಚಿತ್ರೀಕರಣ. ಆಮೇಲೆ ನೋಡಿದರೆ ಹಾಡುಗಳ ನಡುನಡುವೆ ತುಣುಕುಗಳೇ ಇಲ್ಲ. ಮುಂದಿನ ವರ್ಷ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೊದಲ್ಲಿ ವೇದಿಕೆ ಮತ್ತೆ ಕಟ್ಟಿ, ತಮ್ಮದೇ ಧ್ವನಿಗೆ ತಾವೇ ಅಭಿನಯಿಸಿದರು. ಜಾನ್ ಪಾಲ್ ಜೋನ್ಸ್ ಅಷ್ಟರಲ್ಲಿ ಕೂದಲು ಕತ್ತರಿಸಿದ್ದರಿಂದ ವಿಗ್ ಹಾಕಬೇಕಾಯಿತು.

ಇದನ್ನೆಲ್ಲ ಕಂಡಿದ್ದಕ್ಕೋ ಏನೋ, ಸ್ಕಾರ್ಸೆಸಿ 1976ರ ನವೆಂಬರ್ 25ಕ್ಕೆ ಪೂರ್ತಿ ಸಿದ್ಧರಾಗಿ ಬಂದರು. ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್‌ನಲ್ಲಿ ‘ದ ಬ್ಯಾಂಡ್’ ತಂಡದ ವಿದಾಯ ಕಾನ್ಸರ್ಟ್. ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಬಂದವರಿಗೆಲ್ಲ ಊಟ. ಏಳು 35 ಎಂಎಂ ಕ್ಯಾಮೆರಾ. ಯಾವ ಸಾಲಿಗೆ ಯಾವ ಕ್ಯಾಮೆರಾ, ಯಾವ ಬೆಳಕು ಅಂತ ಮೊದಲೇ ಬರೆದಿಟ್ಟಿದ್ದರು. ಆದರೂ ಮಡ್ಡಿ ವಾಟರ್ಸ್ ಹಾಡಲು ಬಂದಾಗ ಉಳಿದ ಕ್ಯಾಮೆರಾಗಳೆಲ್ಲ ನಿಂತಿದ್ದವು. ಲಾಸ್ಲೋ ಕೋವಾಕ್ಸ್ ಒಬ್ಬರದು ಮಾತ್ರ ಓಡುತ್ತಿತ್ತು. ನಿರ್ದೇಶಕರ ಸೂಚನೆ ಕೇಳಿ ಕೇಳಿ ಸಾಕಾಗಿ ಅವರು ಹೆಡ್‌ಫೋನ್ ಕಳಚಿದ್ದರು, ನಿಲ್ಲಿಸಿ ಅಂದದ್ದು ಅವರಿಗೆ ಕೇಳಿಸಿರಲಿಲ್ಲ. ಆ ಬ್ಲೂಸ್ ಸಂಗೀತದ ಹಿರಿಯರ ಅಂದಿನ ಹಾಡು ನಮಗೆ ಉಳಿದದ್ದು ಹಾಗೆ.

ಈ ಸಿನಿಮಾದ ನಿರ್ಮಾಪಕ ಬ್ಯಾಂಡಿನ ಗಿಟಾರ್ ವಾದಕ ರಾಬಿ ರಾಬರ್ಟ್‌ಸನ್. ಪರದೆ ಮೇಲೆ ಜಾಸ್ತಿ ಕಾಣುವುದೂ ಅವರೇ. ಡ್ರಮ್ಮರ್ ಲೀವಾನ್ ಹೆಲ್ಮ್‌ಗೆ ಇದು ಕೊನೆತನಕ ಕೊರೆಯಿತು. ರಿಚರ್ಡ್ ಮ್ಯಾನ್ಯುಯೆಲ್ ಅಂಥ ಹಾಡುಗಾರ ಸಿನಿಮಾದಲ್ಲಿ ಮೂಲೆ ಸೇರಿದ್ದಾರೆ ಅನ್ನೋ ಅವರ ದೂರು ಸರಿ ಅಂತಲೇ ನನ್ನ ಎಣಿಕೆ. ಆ ಬ್ಯಾಂಡಿನ ಐವರಲ್ಲಿ ಈಗ ಯಾರೂ ಇಲ್ಲ. ಗಾರ್ತ್ ಹಡ್ಸನ್ 2025ರ ಜನವರಿಯಲ್ಲಿ ಹೋದರು. ಸಿನಿಮಾದಲ್ಲಿ ಹೇಗೆ ಕಂಡರೋ ಹಾಗೇ ಉಳಿಯುತ್ತಾರೆ.

ಬೆಂಗಳೂರಿಗೂ ಈ ಲೆಕ್ಕ ತಪ್ಪಿಲ್ಲ. ಐರನ್ ಮೇಡನ್ 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ನುಡಿಸಿದರು. ಅವರ ಪ್ರವಾಸದ ಸಿನಿಮಾ ‘ಫ್ಲೈಟ್ 666’ ಶುರುವಾಗುವುದು ಮುಂದಿನ ವರ್ಷದ ಮುಂಬೈ ಕಾನ್ಸರ್ಟ್‌ನಿಂದ. ಮುಂಬೈಯ ಹುಡುಗರ ಮುಖಗಳು ಅದರಲ್ಲಿ ಇವೆ. ನಮ್ಮವರದು ಇಲ್ಲ.

ಅದಕ್ಕೂ ಮೊದಲು, 2003ರ ಏಪ್ರಿಲ್ 4ರಂದು, ಅದೇ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದಿದ್ದರು. ಭಾರತದಲ್ಲಿ ಅವರ ಮೊದಲ ಕಾನ್ಸರ್ಟ್. ಮಳೆ ಹುಯ್ಯಿತು. ಪ್ಯಾಂಟ್ ಮಂಡಿತನಕ ಕೆಸರು. ಹಾಸ್ಟೆಲ್ ನೆಲದ ಮೇಲೆ ಕೂತು ಕ್ಯಾಸೆಟ್ ನೋಡಿದ ಐವರಲ್ಲಿ ಇಬ್ಬರು ನಾವಲ್ಲಿದ್ದೆವು. ಆಗ ನಮ್ಮ ಕೈಯಲ್ಲಿ ಕ್ಯಾಮೆರಾ ಇರುವ ಫೋನ್ ಇರಲಿಲ್ಲ. ಮಳೆ ಯಾವ ಹಾಡಿನ ಹೊತ್ತಿಗೆ ನಿಂತಿತು ಅಂತ ನಮ್ಮಿಬ್ಬರಿಗೆ ಇವತ್ತಿಗೂ ವಾದ. ಅವನು ಒಂದು ಹಾಡು ಹೇಳುತ್ತಾನೆ, ನಾನು ಇನ್ನೊಂದು ಹೇಳುತ್ತೇನೆ.