ಕಾದಂಬರಿ ಹುಡುಕಿ ಹೋದವನಿಗೆ ಅಜ್ಜ ಸಿಕ್ಕ: ಸ್ಪೇನ್ ತನ್ನ ಅಂತರ್ಯುದ್ಧವನ್ನು ನೆನೆದ ಬಗೆ

ಎಮಿಲಿಯೋ ಸಿಲ್ವಾ ಎಂಬ ಪತ್ರಕರ್ತ 2000ರಲ್ಲಿ ವಾಯವ್ಯ ಸ್ಪೇನಿನ ಬಿಯೆರ್ಸೋ ಸೀಮೆಗೆ ಹೋಗಿದ್ದು ಕಾದಂಬರಿಗೆ ಸರಕು ಹುಡುಕಿಕೊಂಡು. ಸಿಕ್ಕಿದ್ದು ಅಜ್ಜನ ಮೂಳೆ. ಅಂಗಡಿ ಇಟ್ಟುಕೊಂಡಿದ್ದ ಅಜ್ಜನನ್ನು 1936ರ ಅಕ್ಟೋಬರಿನಲ್ಲಿ, ಅಂತರ್ಯುದ್ಧದ ಹೊತ್ತಿನಲ್ಲಿ, ದಂಗೆಯೆದ್ದ ಸೇನಾಧಿಕಾರಿ ಫ್ರಾಂಕೋ ಕಡೆಯವರು ಗುಂಡಿಟ್ಟು ಕೊಂದು, ಪ್ರಿಯಾರಾನ್ಸಾ ಎಂಬ ಊರಿನ ರಸ್ತೆ ಬದಿಯಲ್ಲಿ ಹೂತಿದ್ದರು. ಅಗೆದಾಗ ಆ ಗುಂಡಿಯಲ್ಲಿ 13 ಜನರ ಅಸ್ಥಿಪಂಜರಗಳಿದ್ದವು. ಸಿಲ್ವಾ ಮತ್ತು ಜೊತೆಗಾರರು ಸಂಘ ಕಟ್ಟಿದರು. ದೇಶದ ಮೂಲೆಮೂಲೆಯಿಂದ ಮೊಮ್ಮಕ್ಕಳು ತಮ್ಮ ಅಜ್ಜಂದಿರನ್ನು ಕೇಳಿಕೊಂಡು ಬಂದರು.

ಯುದ್ಧ ಮುಗಿದಿದ್ದು 1939ರ ಏಪ್ರಿಲ್ 1ಕ್ಕೆ. ಮೂಳೆ ಹುಡುಕಲು ಅರವತ್ತು ವರ್ಷಕ್ಕಿಂತ ಜಾಸ್ತಿ ಯಾಕೆ ಹಿಡಿಯಿತು?

ಚುನಾಯಿತ ಸರ್ಕಾರದ ಮೇಲೆ ದಂಡೆತ್ತಿ ಗೆದ್ದ ಫ್ರಾಂಕೋ 1975ರಲ್ಲಿ ಸಾಯುವ ತನಕ ಆಳಿದ. ಗೆದ್ದವರ ಕಡೆ ಸತ್ತವರ ಹೆಸರು ಚರ್ಚಿನ ಗೋಡೆಗಳ ಮೇಲೆ ಬಂತು. ಸೋತವರ ಕಡೆಯ ಎಷ್ಟೋ ಹೆಣಗಳು ಗುಂಡಿಯಲ್ಲೇ ಉಳಿದವು. ಲಕ್ಷಕ್ಕೂ ಹೆಚ್ಚು ಅನ್ನುತ್ತಾರೆ. ಪ್ರಜಾಪ್ರಭುತ್ವ ಬಂದ ಮೇಲೆ 1977ರಲ್ಲಿ ಕ್ಷಮಾದಾನದ ಕಾನೂನು ಬಂತು. ಜೈಲಿನಲ್ಲಿದ್ದ ವಿರೋಧಿಗಳು ಹೊರಬಂದರು ನಿಜ. ಆದರೆ ಹಿಂಸೆ ಕೊಟ್ಟ ಅಧಿಕಾರಿಗಳೂ ಅದೇ ಬಾಗಿಲಲ್ಲಿ ಪಾರಾದರು. ಹಳೆಯದನ್ನು ಕೆದಕೋದು ಬೇಡ ಅಂತ ಎಡ, ಬಲ ಎರಡೂ ಕಡೆಯವರು ಒಪ್ಪಿಕೊಂಡ ಇದಕ್ಕೆ 'ಮರೆವಿನ ಒಪ್ಪಂದ' ಅಂತಲೇ ಹೆಸರಾಯಿತು.

ಸಿನಿಮಾದವರು ಮಾತ್ರ ಫ್ರಾಂಕೋ ಇದ್ದಾಗಲೇ ಕೆದಕಲು ಶುರು ಮಾಡಿದ್ದರು. ಸೆನ್ಸಾರ್ ಕಣ್ಣು ತಪ್ಪಿಸಿ, ಸುತ್ತಿ ಬಳಸಿ. ಕಾರ್ಲೋಸ್ ಸೌರಾ 1966ರಲ್ಲಿ ತೆಗೆದ 'ಬೇಟೆ'ಯಲ್ಲಿ ಯುದ್ಧದಲ್ಲಿ ಗೆದ್ದ ಪಕ್ಷದ ಮೂವರು ಹಳೆಯ ಗೆಳೆಯರು ಮೊಲ ಹೊಡೆಯಲು ಒಣ ಕಣಿವೆಗೆ ಹೋಗುತ್ತಾರೆ. ಅಲ್ಲಿ ಹಿಂದೆ ಕಾದಾಟ ನಡೆದಿತ್ತು. ಯಾವ ಯುದ್ಧ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಆದರೆ ಗವಿಯಲ್ಲೊಂದು ಅಸ್ಥಿಪಂಜರವಿದೆ. ಸಂಜೆಯೊಳಗೆ ಬಂದೂಕುಗಳು ಮೊಲ ಬಿಟ್ಟು ಪರಸ್ಪರರತ್ತ ತಿರುಗುತ್ತವೆ.

ವಿಕ್ತೋರ್ ಎರೀಸೆಯ 1973ರ 'ಜೇನುಗೂಡಿನ ಆತ್ಮ' ಇನ್ನೂ ಸೂಕ್ಷ್ಮ. ಕಾಲ 1940ರ ಆಸುಪಾಸು. ಆನಾ ಎಂಬ ಪುಟ್ಟ ಹುಡುಗಿ ಊರಾಚೆಯ ಹಾಳು ಕೊಟ್ಟಿಗೆಯಲ್ಲಿ ಅಡಗಿದ್ದ ಒಬ್ಬನಿಗೆ ತಿನ್ನಲು ಸೇಬು, ಹೊದೆಯಲು ಅಪ್ಪನ ಕೋಟು ತಂದುಕೊಡುತ್ತಾಳೆ. ಅವನು ಯಾರು? ಸಿನಿಮಾ ಹೇಳುವುದಿಲ್ಲ. ರಾತ್ರಿ ಗುಂಡಿನ ಸದ್ದು ಕೇಳುತ್ತದೆ. ಕೋಟಿನಲ್ಲಿದ್ದ ಗಡಿಯಾರ ಪೊಲೀಸರಿಂದ ಅಪ್ಪನ ಕೈಗೆ ವಾಪಸ್ ಬರುತ್ತದೆ. ತಿಂಡಿಯ ಮೇಜಿನಲ್ಲಿ ಅಪ್ಪ ಅದರ ಮುಚ್ಚಳ ತೆರೆಯುತ್ತಾನೆ. ಒಳಗಿನ ಸಂಗೀತ ಕೇಳಿ ಯಾರ ಮುಖ ಬದಲಾಗುತ್ತದೆ ಅಂತ ಹೆಣ್ಣುಮಕ್ಕಳನ್ನು ನೋಡುತ್ತಾನೆ. ಯಾರೂ ಮಾತಾಡುವುದಿಲ್ಲ. ಆ ಕಾಲದ ಸ್ಪೇನಿನ ಮನೆಗಳಲ್ಲಿದ್ದ ಭಯವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ದೃಶ್ಯವನ್ನು ನಾನಂತೂ ನೋಡಿಲ್ಲ.

1980, 90ರ ದಶಕಗಳಲ್ಲಿ ಯುದ್ಧದ ಕತೆಗಳು ಬರಲೇ ಇಲ್ಲ ಅಂತಲ್ಲ. ಬೆರ್ಲಾಂಗಾ 1985ರಲ್ಲಿ ಶತ್ರುಪಾಳಯದಿಂದ ಕರು ಕದಿಯಲು ಹೋಗುವ ಸೈನಿಕರ ಮೇಲೆ ನಗೆಚಿತ್ರವನ್ನೇ ಮಾಡಿದರು. ಆದರೆ ಮೊಮ್ಮಕ್ಕಳ ಅಲೆ ಎದ್ದಿದ್ದು 2001ರಲ್ಲಿ, ಹವಿಯೆರ್ ಸೆರ್ಕಾಸ್ ಅವರ 'ಸಲಾಮಿಸ್‌ನ ಸೈನಿಕರು' ಕಾದಂಬರಿಯಿಂದ. ಅದರ ಬೀಜ ನಿಜ ಘಟನೆ. 1939ರ ಜನವರಿಯಲ್ಲಿ ರಿಪಬ್ಲಿಕನ್ನರ, ಅಂದರೆ ಚುನಾಯಿತ ಸರ್ಕಾರದ ಕಡೆಯವರ, ಗುಂಡಿನಿಂದ ತಪ್ಪಿಸಿಕೊಂಡು ಪೊದೆಯಲ್ಲಿ ಅವಿತ ಫ್ಯಾಸಿಸ್ಟ್ ನಾಯಕ ಸಾಂಚೆಸ್ ಮಾಸಾಸ್‌ನನ್ನು ಒಬ್ಬ ಸೈನಿಕ ಕಂಡ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಇಲ್ಲಿ ಯಾರೂ ಇಲ್ಲ ಎಂದು ಕೂಗಿ ಹೊರಟುಹೋದ. ಆ ಸೈನಿಕ ಯಾರು ಅಂತ ಹುಡುಕುವುದೇ ಕಾದಂಬರಿ. ಹುಡುಕಾಟ ಫ್ರಾನ್ಸಿನ ವೃದ್ಧಾಶ್ರಮವೊಂದಕ್ಕೆ ಒಯ್ಯುತ್ತದೆ. ಅಲ್ಲಿನ ಮುದುಕ ಮಿರಾಲ್ಯೆಸ್ ಅದು ತಾನಲ್ಲ ಅನ್ನುತ್ತಾನೆ. ಸತ್ತ ತನ್ನ ಗೆಳೆಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಒಂದು ದರಿದ್ರ ಬೀದಿಗೂ ಅವರ ಹೆಸರಿಲ್ಲವಲ್ಲ ಎಂಬುದು ಅವನ ಸಂಕಟ.

ಆಮೇಲೆ ಪುಸ್ತಕಗಳ ಸುಗ್ಗಿ. ದುಲ್ಸೆ ಚಾಕೋನ್ ಮಹಿಳಾ ಕೈದಿಗಳ ಬಗ್ಗೆ ಬರೆದರು. ಅಲ್ಬೆರ್ತೋ ಮೆಂದೆಸ್ ನಾಲ್ಕು ಸೋಲುಗಳ ಕತೆಯಾಗಿ 'ಕುರುಡು ಸೂರ್ಯಕಾಂತಿಗಳು' ಕೊಟ್ಟು ಅದೇ 2004ರಲ್ಲಿ ತೀರಿಕೊಂಡರು. ರಾಷ್ಟ್ರೀಯ ಪ್ರಶಸ್ತಿ ಮರುವರ್ಷ ಬಂತು. ಅಲ್ಮುದೇನಾ ಗ್ರಾಂದೆಸ್ ದಪ್ಪ ದಪ್ಪ ಕಾದಂಬರಿಗಳ ಸರಣಿಯನ್ನೇ ಶುರುಮಾಡಿದರು.

ಸುಗ್ಗಿಯಲ್ಲಿ ಜೊಳ್ಳೂ ಇರುತ್ತದೆ ಅಲ್ವಾ? ಇಸಾಕ್ ರೋಸಾ 2007ರಲ್ಲಿ ತನ್ನದೇ ಹಳೆಯ ಕಾದಂಬರಿಯನ್ನು ಮತ್ತೆ ಅಚ್ಚು ಹಾಕಿಸಿದರು. ಹೊಸ ಹೆಸರು 'ಅಂತರ್ಯುದ್ಧದ ಮೇಲೆ ಇನ್ನೊಂದು ಹಾಳು ಕಾದಂಬರಿ!' ಅಧ್ಯಾಯಗಳ ಕೊನೆಯಲ್ಲಿ ಸಿಡುಕು ಓದುಗನೊಬ್ಬ ನುಗ್ಗಿ, ಸವಕಲು ಪಾತ್ರ, ಸುಮ್ನೆ ಕಣ್ಣೀರು ಅಂತ ಲೇಖಕನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಈ ಓದುಗನ ಪರ ನನ್ನ ಮತ ಇದೆ. ಒಳ್ಳೆಯ ಬಡವ, ಕೆಟ್ಟ ಜಮೀನ್ದಾರ ಎಂಬ ಅಚ್ಚಿನಲ್ಲಿ ಬಂದವು ಬೇಗ ಹಳಸಿದವು. ಉತ್ತರ ಸಿಗದೆಯೂ ಹುಡುಕಿದ ಕೃತಿಗಳು ಉಳಿದವು.

ಕಾನೂನು ಕತೆಗಳ ಹಿಂದೆ ಹಿಂದೆ ಬಂತು. ಯುದ್ಧದಲ್ಲೂ ಫ್ರಾಂಕೋ ಆಳ್ವಿಕೆಯಲ್ಲೂ ನೊಂದವರನ್ನು ಗುರುತಿಸುವ 'ಐತಿಹಾಸಿಕ ಸ್ಮೃತಿ'ಯ ಕಾನೂನು ಬಂದಿದ್ದು 2007ರಲ್ಲಿ. ಮುಂದೆ ಬಲಪಂಥೀಯ ಸರ್ಕಾರ ಅದಕ್ಕೆ ಕಾಸು ಕೊಡುವುದನ್ನೇ ನಿಲ್ಲಿಸಿತು. ಅಲ್ಮೊದೋವಾರ್ 2021ರ ತಮ್ಮ 'ಸಮಾನಾಂತರ ತಾಯಂದಿರು' ಚಿತ್ರದಲ್ಲಿ ಆ ಸೊನ್ನೆ ಬಜೆಟ್ಟನ್ನು ಪಾತ್ರದ ಬಾಯಲ್ಲೇ ಹೇಳಿಸಿ, ನಾಯಕಿಯ ಮುತ್ತಜ್ಜನ ಗುಂಡಿ ಅಗೆಸಿದರು. ಮರುವರ್ಷ ಬಂದ ಹೊಸ ಕಾನೂನು ಹೆಣ ಹುಡುಕುವ ಹೊಣೆಯನ್ನು ಸರ್ಕಾರದ ಮೇಲೇ ಹಾಕಿತು. 2024ರಲ್ಲಿ ಅರಾಗೋನ್ ಪ್ರಾಂತ್ಯದ ಬಲಪಂಥೀಯರು ತಮ್ಮಲ್ಲಿದ್ದ ಸ್ಮೃತಿ ಕಾನೂನನ್ನು ರದ್ದು ಮಾಡಿದರು. ಸಿಡುಕು ಓದುಗನಿಗೆ ಬೇಸರವಾದರೂ ಇನ್ನಷ್ಟು ಕಾದಂಬರಿಗಳು ಬರುವುದಂತೂ ಗ್ಯಾರಂಟಿ.