ಮುಂದಿನ ವಿಡಿಯೊ ಆರಿಸಿದ್ದು ಯಾರು?

ಪಿಯುಸಿ ಓದುವ ಹುಡುಗನ ಮೊಬೈಲನ್ನು ಸಮಾಲೋಚಕರ ಮೇಜಿನ ಮೇಲಿಟ್ಟು ‘ದಿನಕ್ಕೆ ಐದು ಗಂಟೆ ಯೂಟ್ಯೂಬ್’ ಎಂದು ಹೆತ್ತವರು ದೂರುತ್ತಾರೆ. ‘ಅದರಲ್ಲಿ ಮೂರು ಗಂಟೆ ಪಾಠವೇ’ ಎಂದು ಹುಡುಗ ವಾದಿಸುತ್ತಾನೆ. ಇಬ್ಬರ ಮಾತೂ ಸುಳ್ಳಲ್ಲ. ಗಂಟೆ ಲೆಕ್ಕ ಹಿಡಿದು ಕೂತರೆ ಈ ಜಗಳ ಬಗೆಹರಿಯುವುದಿಲ್ಲ. ಅದರ ಬದಲು ವಾಚ್ ಹಿಸ್ಟರಿ ತೆರೆದು, ನಿನ್ನೆಯ ಒಂದೊಂದು ವಿಡಿಯೊ ಮುಂದೆಯೂ ಒಂದು ಅಕ್ಷರ ಬರೆಯಿರಿ. ಹುಡುಕಿಕೊಂಡು ಹೋಗಿ ನೋಡಿದ್ದಕ್ಕೆ ‘ಹು’, ತಾನಾಗಿ ಎದುರಿಗೆ ಬಂದದ್ದಕ್ಕೆ ‘ಬ’. ಹತ್ತು ನಿಮಿಷದ ಕೆಲಸ. ಬಹುಪಾಲು ಪಟ್ಟಿಗಳ ಚಹರೆ ಒಂದೇ: ಮೊದಲಿಗೆ ಎರಡೋ ಮೂರೋ ‘ಹು’, ಆಮೇಲೆ ಉದ್ದಕ್ಕೂ ‘ಬ’. ತೊಂದರೆ ಇರುವುದು ಆ ‘ಬ’ ಸಾಲಿನಲ್ಲಿ. ಮನರಂಜನೆಗೆಂದೇ ಹುಡುಕಿ ನೋಡಿದ ಒಂದು ಸಿನಿಮಾದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಯಕ್ಷಗಾನಕ್ಕೆ ಮಂಗಳ ಪದ್ಯ ಉಂಟು. ಅದು ಕೇಳಿಸಿದರೆ ಜನ ಚಾಪೆ ಮಡಚಿ ಏಳುತ್ತಾರೆ. ಯೂಟ್ಯೂಬಿನ ವಿಡಿಯೊ ಸಾಲಿಗೆ, ಅಂದರೆ ಫೀಡಿಗೆ, ಮಂಗಳವಿಲ್ಲ. ಆಟೊಪ್ಲೇ ಒಂದು ವಿಡಿಯೊ ಮುಗಿದ ಕೆಲವೇ ಸೆಕೆಂಡಿನಲ್ಲಿ ಇನ್ನೊಂದನ್ನು ಹಚ್ಚುತ್ತದೆ. ಶಾರ್ಟ್ಸ್‌ನಲ್ಲಿ ಆ ಕೆಲವು ಸೆಕೆಂಡಿನ ಬಿಡುವೂ ಇಲ್ಲ. ಟಿಕ್‌ಟಾಕ್ ನಿಷೇಧವಾಗಿ ಮೂರು ತಿಂಗಳೊಳಗೆ, 2020ರ ಸೆಪ್ಟೆಂಬರಿನಲ್ಲಿ, ಶಾರ್ಟ್ಸ್ ಮೊದಲು ಪ್ರಯೋಗಕ್ಕಿಳಿದದ್ದು ಭಾರತದಲ್ಲೇ. ಆಗ ಒಂದರ ಮಿತಿ 15 ಸೆಕೆಂಡ್, ಆಮೇಲೆ 60. 2024ರ ಅಕ್ಟೋಬರಿನಿಂದ 3 ನಿಮಿಷ. ಇಲ್ಲಿ ಹಿಡಿದಿಡುವುದು ವಿಡಿಯೊದ ಸೊಗಸಲ್ಲ, ಮುಂದಿನದು ಹೇಗಿರುತ್ತದೋ ಎಂಬ ಕುತೂಹಲ. ಮನೋವಿಜ್ಞಾನಿ ಸ್ಕಿನ್ನರ್ ಅವರ ಪಾರಿವಾಳಗಳಿಗೂ ಹೀಗೇ ಆಗಿತ್ತು: ಎಷ್ಟನೇ ಕುಕ್ಕಿಗೆ ಕಾಳು ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. ನಾಲ್ಕು ಸಪ್ಪೆ ವಿಡಿಯೊ ಬಂದರೂ ಐದನೆಯದಕ್ಕೆ ಹೆಬ್ಬೆರಳು ಸರಿಯುವುದು ಇದೇ ಕಾರಣಕ್ಕೆ. ಇದನ್ನು ‘ಮನೋಬಲ ಸಾಲದು’ ಎಂದು ಬೈದು ಸರಿಪಡಿಸಲಾಗದು.

ಹಾಗಾಗಿ ಮೊದಲ ಕೆಲಸ ಸೆಟ್ಟಿಂಗ್ಸ್‌ನಲ್ಲಿ. ಆಟೊಪ್ಲೇ ಆಫ್ ಮಾಡಿ. ಮೊಬೈಲು, ಟಿವಿ ಎರಡರಲ್ಲೂ ನೋಡಿ, ಒಂದರಲ್ಲಿ ಆಫ್ ಮಾಡಿದರೆ ಇನ್ನೊಂದರಲ್ಲಿ ಹಾಗೇ ಉಳಿದಿರಬಹುದು. ಆ್ಯಪಿನ ನೋಟಿಫಿಕೇಶನ್ ಪೂರ್ತಿ ನಿಲ್ಲಿಸಿ. ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲ: ಗೂಗಲ್ ಖಾತೆಯ ‘ಮೈ ಆಕ್ಟಿವಿಟಿ’ಗೆ ಹೋಗಿ ಯೂಟ್ಯೂಬ್ ಹಿಸ್ಟರಿಯನ್ನು ನಿಲ್ಲಿಸಿ, ಹಳೆಯದನ್ನೂ ಅಳಿಸಿದರೆ, ಹೋಮ್ ಪುಟದ ಶಿಫಾರಸುಗಳೇ ಮಾಯವಾಗುತ್ತವೆ. 2023ರ ಆಗಸ್ಟ್‌ನಿಂದ ಹೀಗಿದೆ. ಆ ಪುಟದಲ್ಲಿ ಉಳಿಯುವುದು ಮುಖ್ಯವಾಗಿ ಸರ್ಚ್ ಬಾರ್. ಏನು ಬೇಕೆಂದು ನೀವೇ ಟೈಪ್ ಮಾಡಬೇಕು, ಅಂದರೆ ಹೆಚ್ಚಿನವು ‘ಹು’ ಆಗುತ್ತವೆ. ಹಳೆಯದನ್ನು ಅಳಿಸದೆ ಬರೀ ನಿಲ್ಲಿಸಿದರೆ ಫಲ ಅರ್ಧಂಬರ್ಧ. ಆಗ ಹಳೆಯ ರುಚಿಯ ಮೇಲೇ ಶಿಫಾರಸು ಮುಂದುವರಿಯಬಹುದು.

ಹಿಸ್ಟರಿ ಬೇಕೇ ಬೇಕು ಎನ್ನುವವರು ಎರಡು ಖಾತೆ ಮಾಡಿಕೊಳ್ಳಲಿ. ಓದಿನ ಖಾತೆ ಮೊಬೈಲಿನಲ್ಲಿ, ಮನರಂಜನೆಯದು ಟಿವಿಯಲ್ಲಿ. ಓದಿನ ಖಾತೆಯಲ್ಲಿ ಅಪ್ಪಿತಪ್ಪಿ ಒಂದು ಕ್ರಿಕೆಟ್ ತುಣುಕು ನೋಡಿದರೂ ಅದರ ಬಳಗವೆಲ್ಲ ಸಾಲುಗಟ್ಟುತ್ತದೆ. ಅಂದೇ ಹಿಸ್ಟರಿಯಿಂದ ಅದೊಂದನ್ನು ತೆಗೆದುಬಿಡಿ. ‘ಟೇಕ್ ಎ ಬ್ರೇಕ್’ ಜ್ಞಾಪನೆಯ ಮೇಲೆ ಹೆಚ್ಚು ಭರವಸೆ ಬೇಡ, ಒಂದು ಒತ್ತಿಗೆ ಸರಿದುಹೋಗುತ್ತದೆ. ಆ್ಯಪಿಗೆ ಸಮಯದ ಮಿತಿ ಹಾಕುವ ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿನ ಸ್ಕ್ರೀನ್ ಟೈಮ್ ವಾಸಿ. ಆದರೆ ಮಿತಿಯನ್ನು ಒಮ್ಮೆಲೇ ಐದು ಗಂಟೆಯಿಂದ ಅರ್ಧ ಗಂಟೆಗೆ ಇಳಿಸಿದವರು ಕೆಲವೇ ದಿನಗಳಲ್ಲಿ ಟೈಮರನ್ನೇ ತೆಗೆದುಹಾಕುತ್ತಾರೆ. ವಾರಕ್ಕೆ ಅರ್ಧ ಗಂಟೆಯಂತೆ ಇಳಿಸಿದರೆ ತಾಳಿಕೆ ಹೆಚ್ಚು.

ಇನ್ನು ಆ ಮೂರು ಗಂಟೆಯ ಪಾಠ. ಅದೂ ಪೂರ್ತಿ ಕಲಿಕೆಯಲ್ಲ. ಮೇಷ್ಟ್ರು ಇಂಟಿಗ್ರೇಶನ್ ಲೆಕ್ಕವನ್ನು ಸರಾಗವಾಗಿ ಬಿಡಿಸುತ್ತಿದ್ದರೆ ನೋಡುವವನಿಗೆ ತನಗೂ ಬಂತು ಎನ್ನಿಸುತ್ತದೆ. ಖಾಲಿ ಹಾಳೆ ಕೊಟ್ಟರೆ ಎರಡನೇ ಸಾಲಿಗೇ ಪೆನ್ನು ನಿಲ್ಲುತ್ತದೆ. ನೋಡಿ ಗುರುತಿಸುವುದು ಬೇರೆ, ನೆನಪಿನಿಂದ ತೆಗೆಯುವುದು ಬೇರೆ. 2006ರಲ್ಲಿ ಪ್ರಕಟವಾದ, ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಅವರ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ವಾರದ ನಂತರ ಮುಂದಿದ್ದವರು, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು. ವಿಡಿಯೊ ನೋಡುವುದು ಮತ್ತೆ ಮತ್ತೆ ಓದಿದ ಹಾಗೆ.

ಹೀಗೆ ಮಾಡಿ ನೋಡಿ. ಆ್ಯಪ್ ತೆರೆಯುವ ಮುಂಚೆ ಬೇಕಾದ್ದನ್ನು ಒಂದು ಪ್ರಶ್ನೆಯಾಗಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ‘ಎಲೆಕ್ಟ್ರೋಸ್ಟ್ಯಾಟಿಕ್ಸ್’ ಎಂದಲ್ಲ, ‘ಗಾಸ್ ನಿಯಮದಲ್ಲಿ ಮೇಲ್ಮೈಯನ್ನು ಹೇಗೆ ಆರಿಸುವುದು’ ಎಂದು. ಮೇಷ್ಟ್ರು ಲೆಕ್ಕ ಓದಿ ಮುಗಿಸಿದ ಕೂಡಲೇ ನಿಲ್ಲಿಸಿ, ಐದು ನಿಮಿಷ ನೀವೇ ಒದ್ದಾಡಿ, ಆಮೇಲೆ ಮುಂದುವರಿಸಿ. ತಪ್ಪಿದ ಸಾಲಿಗಷ್ಟೇ ಗೆರೆ ಹಾಕಿ. ಮುಗಿದ ಮೇಲೆ ಮೊಬೈಲ್ ಮಗುಚಿಟ್ಟು ಮೂರು ಸಾಲು ಬರೆಯಿರಿ, ಮರುದಿನ ಅದೇ ಬಗೆಯ ಒಂದು ಲೆಕ್ಕವನ್ನು ವಿಡಿಯೊ ಇಲ್ಲದೆ ಮಾಡಿ. 12 ನಿಮಿಷದ ವಿಡಿಯೊಗೆ ಅರ್ಧ ಗಂಟೆ ಹಿಡಿಯುತ್ತದೆ. ಹಿಡಿಯಲಿ.

ವೇಗದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಾಹಿತಿ ಹೇಳುವ ಪಾಠವನ್ನು 1.5 ಪಟ್ಟಿನಲ್ಲಿ ಕೇಳಿದರೆ ಹೆಚ್ಚೇನೂ ನಷ್ಟವಿಲ್ಲ. ಡಿರೈವೇಶನ್ನಿಗೆ ಅದು ಸಲ್ಲದು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯು ವಿಜ್ಞಾನಕ್ಕೆ ಬಂದವರಂತೂ ಇಂಗ್ಲಿಷ್ ಉಪನ್ಯಾಸವನ್ನು ಮೊದಲ ತಿಂಗಳು 0.75ರಲ್ಲಿ ಕೇಳಲು ನಾಚಬೇಕಿಲ್ಲ. ವಿವರಣೆಯ ಕೆಳಗಿನ ಟ್ರಾನ್ಸ್‌ಕ್ರಿಪ್ಟ್ ತೆರೆದಿಟ್ಟುಕೊಂಡರೆ ಕಿವಿಗೆ ತಪ್ಪಿದ ಪದ ಕಣ್ಣಿಗೆ ಸಿಗುತ್ತದೆ. ಕರಿಹಲಗೆಯ ಪಾಠಕ್ಕೆ 480ಪಿ ಸಾಕು. ಗಂಟೆಗೆ ಹೆಚ್ಚುಕಡಿಮೆ ಅರ್ಧ ಜಿಬಿ. 1080ಪಿಯಲ್ಲಿ ಒಂದೂವರೆ ಜಿಬಿ ದಾಟುತ್ತದೆ, ಅಕ್ಷರ ಮಾತ್ರ ಅದೇ. ಕೋರ್ಸಿನ ಕ್ರಮದಲ್ಲಿ ಕಲಿಯುವುದಿದ್ದರೆ ಶಾಲಾ ಪಠ್ಯಕ್ಕೆ ದೀಕ್ಷಾ, ಎಂಜಿನಿಯರಿಂಗ್‌ಗೆ ಎನ್‌ಪಿಟಿಇಎಲ್ ತಾಣಗಳಿಗೇ ನೇರ ಹೋಗುವುದು ಲೇಸು. ಅಲ್ಲಿ ಪಕ್ಕದಲ್ಲಿ ರೋಸ್ಟ್ ವಿಡಿಯೊ ಕಾದು ಕೂತಿರುವುದಿಲ್ಲ.

‘ಓದುವುದು ಹೇಗೆ’ ಎಂಬ ಮೋಟಿವೇಶನ್ ವಿಡಿಯೊಗಳದು ಬೇರೆಯೇ ಜಾತಿ. ಓದಿದ ಸಮಾಧಾನವನ್ನು ಓದದೆಯೇ ಕೊಡುತ್ತವೆ. ಪಟ್ಟಿ ಮಾಡುವಾಗ ಅವನ್ನೂ ‘ಬ’ಕ್ಕೇ ಸೇರಿಸಿ, ಹುಡುಕಿ ನೋಡಿದ್ದರೂ ಸರಿ.

ಪುಟ್ಟ ಮಕ್ಕಳ ವಿಷಯದಲ್ಲಿ ಹೇಳುವುದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದಂತೆ 2 ವರ್ಷ ತುಂಬುವವರೆಗೆ ಪರದೆ ಬೇಡ, 2ರಿಂದ 4ರವರೆಗೆ ದಿನಕ್ಕೆ 1 ಗಂಟೆ ಮೀರದಿರಲಿ. ಗಟ್ಟಿ ಸಮಸ್ಯೆ ಊಟದ ಹೊತ್ತಿನದು: ಚಂದಮಾಮನನ್ನು ತೋರಿಸುತ್ತಿದ್ದ ಕೈ ಈಗ ಮೊಬೈಲ್ ತೋರಿಸುತ್ತದೆ. ಪರದೆಯ ಮೇಲೆ ಕಣ್ಣಿಟ್ಟ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಅಗಿಯುವುದನ್ನೂ ಮರೆಯುತ್ತದೆ. ಬಿಡಿಸುವಾಗ ಮೊದಲ ವಾರ ಅದೇ ಹಾಡನ್ನು ಮೊಬೈಲ್ ಮಗುಚಿಟ್ಟು ಬರೀ ಕೇಳಿಸಿ. ಎರಡನೇ ವಾರ ಹಾಡನ್ನು ನೀವೇ ಹೇಳಿ. ಕೆಲವು ದಿನ ಊಟ ಕಡಿಮೆಯಾಗುತ್ತದೆ. ಅಜ್ಜಿಯ ಮನಸ್ಸು ಕರಗಿ ಮೊಬೈಲ್ ವಾಪಸ್ ಬರುವುದು ಸಾಮಾನ್ಯವಾಗಿ ಆಗಲೇ, ಆದ್ದರಿಂದ ಅಜ್ಜಿಗೆ ಮೊದಲೇ ಹೇಳಿಡಿ.

ದೊಡ್ಡವರಲ್ಲಿ ವಿಡಿಯೊ ಬಹಳ ಸಲ ಬೇರೊಂದರ ಮುಸುಕು. ಪರೀಕ್ಷೆಯ ಭಯ, ಒಂಟಿತನ, ನಿದ್ದೆ ಬಾರದ ರಾತ್ರಿ. ಮೊಬೈಲ್ ಕಸಿದರೆ ಭಯ ಹಾಗೇ ಉಳಿಯುತ್ತದೆ, ಜಗಳವೊಂದು ಹೆಚ್ಚುತ್ತದೆ. ಚಾರ್ಜರನ್ನು ಮಲಗುವ ಕೋಣೆಯಿಂದ ಅಡುಗೆಮನೆಗೆ ಸಾಗಿಸಿ, ಅಲಾರಂಗೆ ಸಣ್ಣ ಗಡಿಯಾರ ತನ್ನಿ. ‘ಅಲಾರಂಗೆ ಬೇಕಲ್ಲ’ ಎಂಬ ನೆಪ ಅಲ್ಲಿಗೆ ಮುಗಿಯುತ್ತದೆ.

ನೋಡಿದ್ದನ್ನು ಮುಚ್ಚಿಡುವುದು, ಕಾಲೇಜು ತಪ್ಪುವುದು, ತಾನೇ ಬಿಡಬೇಕೆಂದುಕೊಂಡೂ ಪದೇ ಪದೇ ಸೋಲುವುದು ವಾರಗಟ್ಟಲೆ ನಡೆದರೆ ಮನೆಯ ಉಪಾಯಗಳನ್ನು ನೆಚ್ಚಿ ಕೂರಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದೆ. ದೂರದವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕ್ಲಿನಿಕ್ಕಿಗೆ ಹೋಗುವಾಗ ಒಂದು ವಾರದ ಸ್ಕ್ರೀನ್ ಟೈಮ್ ಚಿತ್ರ, ಮಲಗಿದ ಮತ್ತು ಎದ್ದ ಹೊತ್ತಿನ ಲೆಕ್ಕ, ಜೊತೆಗೆ ‘ಹು’–‘ಬ’ ಪಟ್ಟಿಯನ್ನೂ ಒಯ್ಯಿರಿ. ಪಟ್ಟಿಯನ್ನು ಹುಡುಗನೇ ಬರೆದಿರಲಿ. ಅಪ್ಪ ಬರೆದದ್ದಾದರೆ ಅವನು ಮೊದಲ ಸಾಲಿನಿಂದಲೇ ತಕರಾರು ತೆಗೆಯುತ್ತಾನೆ.